ಅಪ್ಪ ಆಂಬುಲೆನ್ಸ್‌ನಲ್ಲಿ ತೀರಿಕೊಂಡರು. ಮರಣ ಪ್ರಮಾಣಪತ್ರ ಯಾವ ಊರಿನವರು ಕೊಡಬೇಕು?

ತೋಟದಮನೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪ ತೀರಿಕೊಂಡು ಎರಡು ತಿಂಗಳ ಮೇಲಾಯಿತು. ಮರಣ ಪ್ರಮಾಣಪತ್ರ ಇನ್ನೂ ಸಿಕ್ಕಿಲ್ಲ. ತಡವಾಗಿದೆ ಅಂತಲ್ಲ, ಯಾರು ಕೊಡಬೇಕು ಅನ್ನುವುದೇ ಇನ್ನೂ ತೀರ್ಮಾನ ಆಗಿಲ್ಲ.

ನಮ್ಮದು ಮಲೆನಾಡು. ಊರು, ಆಸ್ಪತ್ರೆಗಳ ಹೆಸರು ಬೇಡ, ನಾಳೆ ಅದೇ ಕೌಂಟರ್ ಮುಂದೆ ನಾನೇ ಹೋಗಿ ನಿಲ್ಲಬೇಕಲ್ಲ. ಅಪ್ಪ ರಿಟೈರ್ಡ್ ಪ್ರೈಮರಿ ಸ್ಕೂಲ್ ಮೇಷ್ಟ್ರು, ಜೊತೆಗೆ ಒಂದಿಷ್ಟು ಅಡಿಕೆ ತೋಟ. ಎದೆನೋವು ಬಂತು ಅಂತ ಜಿಲ್ಲಾ ಕೇಂದ್ರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ಡಾಕ್ಟರು ಕರಾವಳಿ ಕಡೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರು. ಡಿಸ್ಚಾರ್ಜ್ ಮಾಡಿಸಿ ಖಾಸಗಿ ಆಂಬುಲೆನ್ಸ್‌ನಲ್ಲಿ ಹೊರಟೆವು. ಘಟ್ಟ ಇಳಿಯುವ ಮೊದಲೇ ಉಸಿರು ನಿಂತಿತು. ಡ್ರೈವರ್ ಮುಂದೆ ಸಿಕ್ಕ ತಾಲ್ಲೂಕು ಆಸ್ಪತ್ರೆಗೆ ಗಾಡಿ ತಿರುಗಿಸಿದ. ಅಲ್ಲಿನ ಡಾಕ್ಟರು ಇಸಿಜಿ ತೆಗೆದು ನೋಡಿ, ಓಪಿ ಚೀಟಿಯ ಮೇಲೆ 'ಬ್ರಾಟ್ ಡೆಡ್' ಅಂತ ಬರೆದು, ಟೈಮು ಹಾಕಿ ಕೊಟ್ಟರು. ಅಲ್ಲಿಂದ ಸೀದಾ ಮನೆಗೆ ತಂದೆವು. ನಮ್ಮ ಜಾಗದಲ್ಲೇ ದಹನ ಮಾಡಿದೆವು, ಹಾಗಾಗಿ ಸ್ಮಶಾನದ ರಸೀದಿಯೂ ಇಲ್ಲ.

ಕರ್ಮಾಂತರ ಎಲ್ಲ ಮುಗಿಸಿ ಪಂಚಾಯಿತಿಗೆ ಹೋದರೆ, "ನಮ್ಮ ಊರಲ್ಲಿ ತೀರಿಕೊಂಡಿಲ್ಲವಲ್ಲ" ಅಂದರು. ಖಾಸಗಿ ಆಸ್ಪತ್ರೆಯವರು, "ನಮ್ಮಲ್ಲಿಂದ ಹೋಗುವಾಗ ಜೀವ ಇತ್ತು" ಅಂದರು. ತಾಲ್ಲೂಕು ಆಸ್ಪತ್ರೆಯವರು, "ಬರುವಾಗಲೇ ಜೀವ ಇರಲಿಲ್ಲ" ಅಂದರು. ಮೂವರು ಹೇಳಿದ್ದೂ ನಿಜವೇ. ಆದರೆ ಮೂರೂ ಸೇರಿಸಿದರೆ ನಮ್ಮಪ್ಪ ಎಲ್ಲೂ ಸತ್ತೇ ಇಲ್ಲ ಅಂತ ಆಗುತ್ತದೆ!

ಅಮ್ಮನಿಗೆ ಫ್ಯಾಮಿಲಿ ಪೆನ್ಷನ್ ಆಗಬೇಕು. ತೋಟದ ಪೌತಿ ಖಾತೆ ಆಗಬೇಕು, ಅಂದರೆ ತೋಟ ವಾರಸುದಾರರ ಹೆಸರಿಗೆ ಬರಬೇಕು. ವಿಮೆಯವರು 'ಒರಿಜಿನಲ್ ಸರ್ಟಿಫೈಡ್ ಕಾಪಿ' ಬೇಕು ಅನ್ನುತ್ತಿದ್ದಾರೆ. ಅದಕ್ಕೆ ಬೇರೆ ಗೆಜೆಟೆಡ್ ಆಫೀಸರ್ ಸಹಿ ಹಾಕಿಸಬೇಕಾ? ಯಾರಿಗಾದರೂ ಹೀಗೆ ಆಗಿದ್ದರೆ ದಾರಿ ಹೇಳಿ.

ರಿಂಗ್ ರೋಡ್:

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ತಾಲ್ಲೂಕು ಆಫೀಸ್ ಎದುರು ಟೈಪಿಂಗ್ ಅಂಗಡಿ ಇಟ್ಟುಕೊಂಡವರು ಇರುತ್ತಾರೆ, ಅವರ ಕೈಗೆ ಏನಾದರೂ ಕೊಟ್ಟು ಮನೆಯಲ್ಲೇ ತೀರಿಕೊಂಡರು ಅಂತ ಬರೆಸಿಬಿಡಿ. ನಿಮ್ಮ ಪಂಚಾಯಿತಿಯಲ್ಲೇ ಆಗುತ್ತದೆ. ಯಾರು ಬಂದು ನೋಡುತ್ತಾರೆ?

ಹಳೇ ಶಾನುಭೋಗ:

ಮೊದಲು ಮೇಲಿನ ಸಲಹೆಗೆ ಉತ್ತರ. ತಂಗಿ, ಹಾಗೆ ಮಾತ್ರ ಬರೆಸಬೇಡಿ. ನೋಡುವವರು ಇದ್ದೇ ಇರುತ್ತಾರೆ, ವಿಮೆಯವರು! ಡಿಸ್ಚಾರ್ಜ್ ಸಮ್ಮರಿಯಲ್ಲಿ ಒಂದು ಗಂಟೆ, ಓಪಿ ಚೀಟಿಯಲ್ಲಿ ಇನ್ನೊಂದು ಗಂಟೆ, ಆಂಬುಲೆನ್ಸ್ ಬಿಲ್ಲಿನಲ್ಲಿ ಮತ್ತೊಂದು. ಪ್ರಮಾಣಪತ್ರದಲ್ಲಿ ಮಾತ್ರ 'ಮನೆ' ಅಂತ ಇದ್ದರೆ ಕ್ಲೇಮು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಸುಳ್ಳು ಮಾಹಿತಿ ಕೊಡುವುದು ಜನನ ಮರಣ ನೋಂದಣಿ ಕಾಯ್ದೆಯಲ್ಲಿ ಅಪರಾಧವೂ ಹೌದು. ಸಹಿ ಹಾಕುವವರು ನೀವು, ಟೈಪಿಂಗ್ ಅಂಗಡಿಯವನಲ್ಲ.

ನಾನು ಗ್ರಾಮ ಲೆಕ್ಕಿಗನಾಗಿ ಸೇರಿ ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿ ನಿವೃತ್ತನಾದವನು. ನನ್ನ ಸರ್ವೀಸಿನ ಬಹುಪಾಲು ಜನನ ಮರಣದ ರಿಜಿಸ್ಟರ್ ನನ್ನ ಕಂಕುಳಲ್ಲೇ ಇತ್ತು. ಜನ ಎಡವುವುದು ಒಂದೇ ಕಡೆ. ಆಧಾರ್ ಎಲ್ಲಿದೆ, ರೇಷನ್ ಕಾರ್ಡ್ ಎಲ್ಲಿದೆ, ಅಲ್ಲೇ ಮರಣ ಪ್ರಮಾಣಪತ್ರ ಸಿಗುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. 1969ರ ಕಾಯ್ದೆ ನೋಡುವುದು ಒಂದನ್ನೇ, ಸಾವು ಎಲ್ಲಿ ಆಯಿತು? ಹುಟ್ಟಿದ ಊರು, ಬಾಳಿದ ಊರು, ಸುಟ್ಟ ಜಾಗ ಯಾವುದೂ ಲೆಕ್ಕಕ್ಕಿಲ್ಲ. ಹಾಸನದವರು ಬೆಂಗಳೂರಿನ ಆಸ್ಪತ್ರೆಯಲ್ಲಿ ಹೋದರೆ ಬೆಂಗಳೂರಿನಲ್ಲೇ ನೋಂದಣಿ. ನಿಮ್ಮ ಪಂಚಾಯಿತಿಯವರು ಹೇಳಿದ್ದು ಸರಿ. ಆದರೆ ಎಲ್ಲಿಗೆ ಹೋಗಬೇಕು ಅಂತಲೂ ಹೇಳಿ ಕಳಿಸಬಹುದಿತ್ತು.

ಈಗ ನಿಮ್ಮ ವಿಷಯ. ಓಡುವ ಗಾಡಿಯಲ್ಲಿ ಸಾವಾದರೆ ಏನು ಮಾಡಬೇಕು ಅಂತ ಕಾಯ್ದೆಯ ನಿಯಮಗಳಲ್ಲೇ ಯೋಚನೆ ಮಾಡಿ ಇಟ್ಟಿದ್ದಾರೆ. ಸಾವಾದ ಮೇಲೆ ಗಾಡಿ ಮೊದಲು ಎಲ್ಲಿ ನಿಂತಿತೋ ಅಲ್ಲಿ ಮಾಹಿತಿ ಕೊಡಬೇಕು. ಕೊಡಬೇಕಾದವನು ಗಾಡಿಯ ಉಸ್ತುವಾರಿ ಹೊತ್ತವನು, ಅಂದರೆ ನಿಮ್ಮ ಆಂಬುಲೆನ್ಸ್ ಡ್ರೈವರ್. ಕಲಂ 8 ಓದಿಕೊಂಡು ಸ್ಟೇರಿಂಗ್ ಹಿಡಿದ ಡ್ರೈವರನ್ನು ನಾನಂತೂ ಇಷ್ಟು ವರ್ಷದಲ್ಲಿ ನೋಡಿಲ್ಲ, ಆ ಮಾತು ಬೇರೆ. ನಿಮ್ಮ ಗಾಡಿ ಮೊದಲು ನಿಂತದ್ದು ಆ ತಾಲ್ಲೂಕು ಆಸ್ಪತ್ರೆಯ ಅಂಗಳದಲ್ಲಿ. ಹಾಗಾಗಿ ಆ ಪಟ್ಟಣದ ನೋಂದಣಾಧಿಕಾರಿಯೇ ನಿಮ್ಮವರು. ಸರ್ಕಾರಿ ಆಸ್ಪತ್ರೆಯೊಳಗೆ ಆದ ಸಾವಾಗಿದ್ದರೆ ಅಲ್ಲಿನ ವೈದ್ಯಾಧಿಕಾರಿಯೇ ನೋಂದಾಯಿಸುತ್ತಿದ್ದರು. ನಿಮ್ಮದು ಒಳಗೆ ಆದದ್ದಲ್ಲ. ಪಟ್ಟಣ ಪಂಚಾಯಿತಿಯೋ ಪುರಸಭೆಯೋ ಯಾವುದಿದೆ ನೋಡಿ, ಅಲ್ಲಿನ ಜನನ ಮರಣ ವಿಭಾಗಕ್ಕೆ ಹೋಗಿ.

ಒಯ್ಯಬೇಕಾದದ್ದು: ಡಿಸ್ಚಾರ್ಜ್ ಸಮ್ಮರಿ, ಆ ಓಪಿ ಚೀಟಿ, ಆಂಬುಲೆನ್ಸ್ ಬಿಲ್, ಅಪ್ಪನ ಆಧಾರ್, ನಿಮ್ಮ ಆಧಾರ್. ಇದರಲ್ಲಿ ಓಪಿ ಚೀಟಿ ಚಿನ್ನ. ಲ್ಯಾಮಿನೇಷನ್ ಮಾಡಿಸಬೇಡಿ, ಜೆರಾಕ್ಸ್ ತೆಗೆದಿಟ್ಟುಕೊಳ್ಳಿ. ಡ್ರೈವರ್ ಸಿಕ್ಕರೆ ಬಿಳಿ ಹಾಳೆಯಲ್ಲಿ ನಾಲ್ಕು ಸಾಲು ಬರೆಸಿ ಸಹಿ ಹಾಕಿಸಿಕೊಳ್ಳಿ. ಎಷ್ಟು ಹೊತ್ತಿಗೆ ಹೊರಟೆವು, ಎಲ್ಲಿ ಉಸಿರು ನಿಂತಿತು, ಎಲ್ಲಿ ಗಾಡಿ ನಿಲ್ಲಿಸಿದೆ, ಅಷ್ಟೇ ಸಾಕು.

ಇನ್ನು ತಡದ ಮಾತು. 21 ದಿನದ ಒಳಗೆ ಹೇಳಿದ್ದರೆ ದಂಡ ಇಲ್ಲ. 30ರವರೆಗೆ ಸಣ್ಣ ದಂಡ, ನೋಂದಣಾಧಿಕಾರಿಯೇ ಮುಗಿಸುತ್ತಾರೆ. 30 ದಾಟಿ ಒಂದು ವರ್ಷದ ಒಳಗೆ ಇದ್ದರೆ ಮೇಲಿನವರ ಲಿಖಿತ ಅನುಮತಿ ಬೇಕು. ನಿಮ್ಮದು ಈ ಗುಂಪಿಗೆ ಬರುತ್ತದೆ. ನನ್ನ ಕಾಲದಲ್ಲಿ ಇದಕ್ಕೆ ತಹಶೀಲ್ದಾರ್ ಆದೇಶ ಆಗುತ್ತಿತ್ತು, ಜೊತೆಗೆ ನೋಟರಿ ಅಫಿಡವಿಟ್. 2023ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು, ಆ ವರ್ಷದ ಅಕ್ಟೋಬರ್ 1ರಿಂದ ಜಾರಿಯಾಗಿದೆ. ಅದರಲ್ಲಿ ಜಿಲ್ಲಾ ನೋಂದಣಾಧಿಕಾರಿ ಅಥವಾ ನಿಗದಿ ಮಾಡಿದ ಬೇರೆ ಅಧಿಕಾರಿಯ ಅನುಮತಿ ಅಂತ ಇದೆ. ಅಫಿಡವಿಟ್ ಜಾಗದಲ್ಲಿ ನೀವೇ ಸಹಿ ಮಾಡಿದ ದಾಖಲೆ ಸಾಕು ಅಂತಲೂ ಇದೆ. ಪಟ್ಟಣದ ಕಚೇರಿಯಲ್ಲಿ ಅರ್ಜಿ ಕೊಟ್ಟು, ಅನುಮತಿ ಕಡತ ಎಲ್ಲಿಗೆ ಹೋಗುತ್ತದೆ ಅಂತ ಕೇಳಿ, ಅದರ ಹಿಂದೆ ನೀವೂ ಹೋಗಿ. ಕಡತಕ್ಕೆ ಕಾಲಿಲ್ಲ.

ಬಾಯಿಮಾತಲ್ಲಿ 'ಆಗಲ್ಲ' ಅಂದರೆ ಸುಮ್ನೆ ವಾಪಸ್ ಬರಬೇಡಿ. ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಆಗಲ್ಲ ಅನ್ನುವುದಾದರೆ ಕಾರಣ ಬರೆದು ಕೊಡಿ ಅನ್ನಿ. ಬರೆದು ಕೊಡಬೇಕು ಅಂದ ತಕ್ಷಣ ಅರ್ಧ ಜನಕ್ಕೆ ಕಾನೂನು ನೆನಪಾಗುತ್ತದೆ. ಆಗಲೂ ಆಗದಿದ್ದರೆ ಹೊಸ ತಿದ್ದುಪಡಿಯಲ್ಲಿ ಮೇಲ್ಮನವಿಗೆ ದಾರಿ ಇದೆ. ನೋಂದಣಾಧಿಕಾರಿಯ ಆದೇಶದ ವಿರುದ್ಧ 30 ದಿನದ ಒಳಗೆ ಜಿಲ್ಲಾ ನೋಂದಣಾಧಿಕಾರಿಗೆ ಹೋಗಬಹುದು, ಅವರು 90 ದಿನದಲ್ಲಿ ತೀರ್ಮಾನ ಮಾಡಬೇಕು.

ಗೆಜೆಟೆಡ್ ಸಹಿ ಬೇಡ. ಈಗ ಎಲ್ಲವೂ ಇ-ಜನ್ಮ ತಂತ್ರಾಂಶದಲ್ಲಿ ಆಗುತ್ತದೆ. ಡಿಜಿಟಲ್ ಸಹಿ, ಕ್ಯೂಆರ್ ಕೋಡ್ ಇರುವ ಪ್ರತಿ ಬಂದರೆ ಅದೇ ದೃಢೀಕೃತ ಪ್ರತಿ. ಎಷ್ಟು ಸಲ ಪ್ರಿಂಟ್ ತೆಗೆಸಿದರೂ ಎಲ್ಲವೂ ಒರಿಜಿನಲ್ಲೇ.

ಪಾಸ್‌ಬುಕ್:

ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ನನ್ನ ಕಡೆಯಿಂದ ಎರಡು ಮಾತು.

ಪ್ರಮಾಣಪತ್ರ ಬರುವವರೆಗೆ ಕಾಯಬೇಡಿ, ಅಪ್ಪ ತೀರಿಕೊಂಡ ವಿಷಯ ಪೆನ್ಷನ್ ಬರುವ ಬ್ಯಾಂಕಿಗೆ ಇವತ್ತೇ ಬರೆದು ಕೊಡಿ. ಎಷ್ಟೋ ಮನೆಗಳಲ್ಲಿ ತಿಂಗಳು ತಿಂಗಳು ಪೆನ್ಷನ್ ಬರುತ್ತಲೇ ಇರುತ್ತದೆ, ಮಕ್ಕಳು ಎಟಿಎಂನಿಂದ ತೆಗೆದು ಖರ್ಚು ಮಾಡಿಬಿಡುತ್ತಾರೆ. ಆಮೇಲೆ ಅಷ್ಟನ್ನೂ ವಾಪಸ್ ಕಟ್ಟಬೇಕು. ಪಾಪ, ಅದು ಕಾರ್ಯದ ಖರ್ಚಿಗೇ ಹೋಗಿರುತ್ತದೆ. ಪಿಪಿಒ ಪುಸ್ತಕ (ಪೆನ್ಷನ್ ಮಂಜೂರಾದ ಆದೇಶದ ಪುಸ್ತಕ) ಹುಡುಕಿಡಿ, ಅಮ್ಮನ ಹೆಸರು, ಹುಟ್ಟಿದ ತಾರೀಕು ಅದರಲ್ಲಿ ಸರಿ ಇದೆಯಾ ನೋಡಿ.

ಪ್ರತಿಗಳನ್ನು ಒಂದೇ ಸಲಕ್ಕೆ ಐದಾರು ತೆಗೆಸಿ. ಮಾಹಿತಿ ಕೊಟ್ಟವರಿಗೆ ಮೊದಲ ಪ್ರತಿ ಪುಕ್ಕಟೆ. ಆಮೇಲಿನದಕ್ಕೆ ಮೊದಲು 5 ರೂಪಾಯಿ ಇತ್ತು, ಈಗ 50 ಮಾಡಿದ್ದಾರೆ. ನಾವು ಬ್ಯಾಂಕಿನವರು ಒರಿಜಿನಲ್ ನೋಡಿ ಜೆರಾಕ್ಸ್ ಇಟ್ಟುಕೊಂಡು ವಾಪಸ್ ಕೊಡುತ್ತೇವೆ. ವಿಮೆಯವರು ಒರಿಜಿನಲ್ಲೇ ಇಟ್ಟುಕೊಳ್ಳುವುದು ಜಾಸ್ತಿ. ಖಾತೆಗೆ ನಾಮಿನಿ ಇದ್ದರೆ ಮರಣ ಪ್ರಮಾಣಪತ್ರ, ನಾಮಿನಿಯ ಗುರುತಿನ ಚೀಟಿ, ನಮ್ಮ ಫಾರಂ, ಇಷ್ಟರಲ್ಲಿ ಮುಗಿಯುತ್ತದೆ. ನಾಮಿನಿ ಇಲ್ಲದಿದ್ದರೆ ವಂಶವೃಕ್ಷ, ಬೇರೆ ವಾರಸುದಾರರ ಒಪ್ಪಿಗೆ ಅಂತ ಪಟ್ಟಿ ಬೆಳೆಯುತ್ತದೆ.

ಬೆಂಗಳೂರು ಸೊಸೆ:

ನಮ್ಮ ಅತ್ತೆ ಮನೆಯಲ್ಲೇ ತೀರಿಕೊಂಡರು. ವಯಸ್ಸಾಗಿತ್ತು. ನಮ್ಮ ಕಥೆ ಬೇರೆ, ಆದರೂ ಒಂದು ವಿಷಯ ಹೇಳಲೇಬೇಕು.

ಬೆಂಗಳೂರಿನಲ್ಲಿ ಚಿತಾಗಾರಕ್ಕೆ ಹೋಗುವ ಮೊದಲು ಡಾಕ್ಟರ್ ಹತ್ತಿರ ನಮೂನೆ 4ಎ ಬರೆಸಿಕೊಳ್ಳಬೇಕು, ಸಾವಿನ ಕಾರಣದ ಪ್ರಮಾಣಪತ್ರ. ಅತ್ತೆಯನ್ನು ನೋಡುತ್ತಿದ್ದ ಪಕ್ಕದ ರಸ್ತೆಯ ಡಾಕ್ಟರು ಬೆಳಗಿನ ಜಾವ ಚಪ್ಪಲಿ ಹಾಕಿಕೊಂಡೇ ಓಡಿ ಬಂದು ನೋಡಿ ಬರೆದುಕೊಟ್ಟರು, ಪುಣ್ಯಾತ್ಮರು. ಅದು ಇಲ್ಲದಿದ್ದರೆ ಅಲ್ಲಿ ನಿಂತು ಪರದಾಡಬೇಕಿತ್ತು.

ನಾನು ಹೇಳಬೇಕು ಅಂದದ್ದು ಹೆಸರಿನ ಬಗ್ಗೆ. ಚಿತಾಗಾರದ ಕಿಟಕಿಯಲ್ಲಿ ಹೆಸರು ಬರೆಸಿದ್ದು ನಮ್ಮ ಯಜಮಾನರ ಸ್ನೇಹಿತರು. ಅವರಿಗೆ ಗೊತ್ತಿದ್ದದ್ದು ಮನೆಯಲ್ಲಿ ಕರೆಯುವ ಹೆಸರು! ಅದೇ ಹೆಸರಲ್ಲಿ ಪ್ರಮಾಣಪತ್ರ ಬಂತು. ತಿದ್ದಿಸಲು ಆಧಾರ್, ಪ್ಯಾನ್, ಅಫಿಡವಿಟ್, ಇಬ್ಬರು ಸಾಕ್ಷಿ ಎಲ್ಲ ಬೇಕಾಯಿತು. ತಿದ್ದುಪಡಿ ಆಗುತ್ತದೆ, ಆದರೆ ಮೊದಲು ಸರಿಯಾಗಿ ಬರೆಸುವುದು ಹತ್ತು ಪಾಲು ಸುಲಭ. ತೋಟದಮನೆ ಅವರೇ, ಯಾರನ್ನೋ ಕಳಿಸಬೇಡಿ, ನೀವೇ ಹೋಗಿ ಸ್ಕ್ರೀನ್ ಮೇಲೆ ಓದಿ ನೋಡಿ.

ತೋಟದಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶಾನುಭೋಗರೇ, ನಿಮ್ಮ ಉತ್ತರವನ್ನು ಪ್ರಿಂಟ್ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋದೆ.

ಪಟ್ಟಣದ ಕಚೇರಿಯಲ್ಲಿ ಮೊದಲು ಅದೇ ರಾಗ, "ನಿಮ್ಮ ಊರಿಗೆ ಹೋಗಿ". ಓಡುವ ಗಾಡಿ, ಮೊದಲು ನಿಂತ ಜಾಗ ಅಂತ ಹೇಳಿದೆ. ಆ ಹುಡುಗಿ ಒಳಗೆ ಹೋಗಿ ಹಿರಿಯರೊಬ್ಬರನ್ನು ಕೇಳಿಕೊಂಡು ಬಂದು ನಮೂನೆ 2 ಕೊಟ್ಟಳು. ಬೈಯ್ಯಲು ಸಿದ್ಧವಾಗಿ ಹೋಗಿದ್ದೆ, ಅವಕಾಶವೇ ಸಿಗಲಿಲ್ಲ.

ಫಾರಂ ಮನೆಗೆ ತಂದಿದ್ದೇನೆ. ಒಂದೆರಡು ಡೌಟು. ಅದರಲ್ಲಿ ಬೀಡಿ ಸಿಗರೇಟು ಸೇದುವ ಅಭ್ಯಾಸ ಎಷ್ಟು ವರ್ಷ, ತಂಬಾಕು ಎಷ್ಟು ವರ್ಷ, ಮದ್ಯ ಎಷ್ಟು ವರ್ಷ ಅಂತ ಕೇಳಿದ್ದಾರೆ. ಸರಿ, ಇವು ಮೂರಕ್ಕೂ 'ಇಲ್ಲ'. ಅಡಿಕೆ ಜಗಿಯುವ ಅಭ್ಯಾಸ ಎಷ್ಟು ವರ್ಷ ಅಂತಲೂ ಇದೆ! ನಮ್ಮ ಕಡೆ ಊಟ ಆದ ಮೇಲೆ ಎಲೆ ಅಡಿಕೆ ಹಾಕದ ಗಂಡಸು ಯಾರಿದ್ದಾರೆ? ಅಪ್ಪನ ಕವಳದ ಪೆಟ್ಟಿಗೆ ಇನ್ನೂ ಜಗಲಿ ಮೇಲೆ ಇದೆ. ನಿಜ ಬರೆದರೆ ಪ್ರಮಾಣಪತ್ರದಲ್ಲಿ ಬಂದು ವಿಮೆಯವರು ತಕರಾರು ತೆಗೆಯುತ್ತಾರೇನೋ ಅಂತ ತಮ್ಮನಿಗೆ ಭಯ.

ಇನ್ನೊಂದು, ಸಾವಿನ ಕಾರಣದ ಪ್ರಮಾಣಪತ್ರ ನಮ್ಮಲ್ಲಿ ಇಲ್ಲ. ತಾಲ್ಲೂಕು ಆಸ್ಪತ್ರೆ ಡಾಕ್ಟರು "ನಾನು ಟ್ರೀಟ್ಮೆಂಟ್ ಕೊಟ್ಟಿಲ್ಲ, ಕಾರಣ ಹೇಗೆ ಬರೆಯಲಿ" ಅನ್ನುತ್ತಾರೆ.

ಮತ್ತೆ ಹೆಸರು. ಆಧಾರ್‌ನಲ್ಲಿ ಹೆಸರಿನ ಮುಂದೆ ಇನಿಶಿಯಲ್ ಇದೆ. ಪಹಣಿಯಲ್ಲಿ ಇನಿಶಿಯಲ್ ಇಲ್ಲ, 'ಬಿನ್' ಅಂತ ಹಾಕಿ ಅಜ್ಜನ ಹೆಸರು ಇದೆ. ಯಾವುದನ್ನು ಬರೆಯಲಿ?

ಹಳೇ ಶಾನುಭೋಗ:

ಅಡಿಕೆ ಕಾಲಂ ನೋಡಿ ನಗು ಬಂತು. ನಾನು ಕೆಲಸ ಮಾಡಿದ ಹೋಬಳಿಯಲ್ಲಿ ಆ ಪ್ರಶ್ನೆ ಕೇಳಿದರೆ ಜನ ನನ್ನ ಬಾಯಿಯನ್ನೇ ನೋಡುತ್ತಿದ್ದರು, ಅಲ್ಲೂ ಕವಳ ಇರುತ್ತಿತ್ತು.

ತಮ್ಮನಿಗೆ ಧೈರ್ಯ ಹೇಳಿ. ನಮೂನೆ 2ರಲ್ಲಿ ಎರಡು ಭಾಗ ಇದೆ, ಕಾನೂನು ಮಾಹಿತಿ ಒಂದು, ಅಂಕಿಅಂಶದ ಮಾಹಿತಿ ಇನ್ನೊಂದು. ಧರ್ಮ, ಓದು, ಕೆಲಸ, ಬೀಡಿ, ಅಡಿಕೆ ಎಲ್ಲ ಅಂಕಿಅಂಶದ ಭಾಗಕ್ಕೆ ಸೇರಿದ್ದು. ಅದು ಸರ್ಕಾರದ ಲೆಕ್ಕಕ್ಕೆ ಹೋಗುತ್ತದೆ, ನಿಮ್ಮ ಕೈಗೆ ಬರುವ ಪ್ರಮಾಣಪತ್ರದಲ್ಲಿ ಅಚ್ಚಾಗುವುದಿಲ್ಲ. ಪ್ರಮಾಣಪತ್ರದಲ್ಲಿ ಬರುವುದು ಹೆಸರು, ಲಿಂಗ, ಸಾವಿನ ತಾರೀಕು, ಸ್ಥಳ, ತಂದೆ ತಾಯಿ ಅಥವಾ ಗಂಡ ಹೆಂಡತಿಯ ಹೆಸರು, ವಿಳಾಸ, ನೋಂದಣಿ ಸಂಖ್ಯೆ, ನೋಂದಣಿ ತಾರೀಕು, ಇಂಥವು. ಸಾವಿನ ಕಾರಣ ಕೂಡ ಅದರಲ್ಲಿ ಇರುವುದಿಲ್ಲ, ಕೊಡಲೇಬಾರದು ಅಂತ ಕಾಯ್ದೆಯ 17ನೇ ಕಲಂ ಹೇಳುತ್ತದೆ. ಹಾಗಾಗಿ ಎಲೆ ಅಡಿಕೆಗೆ ಎಷ್ಟು ವರ್ಷವೋ ಅಷ್ಟು ನಿಜ ಬರೆಯಿರಿ. ಬಾಯಿ ಕ್ಯಾನ್ಸರ್ ಲೆಕ್ಕ ಹಾಕುವವರಿಗೆ ನಮ್ಮ ಮಲೆನಾಡಿನ ಸತ್ಯ ಗೊತ್ತಾಗಲಿ.

ಕಾರಣದ ಪ್ರಮಾಣಪತ್ರ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನೋಂದಣಿಯೇ ಆಗುವುದಿಲ್ಲ ಅಂತ ಏನಿಲ್ಲ. ಫಾರಂ ಸರಿಯಾಗಿ ನೋಡಿ, 'ಸಾವಿನ ಕಾರಣ ವೈದ್ಯರಿಂದ ದೃಢೀಕರಣ ಆಗಿದೆಯೇ' ಅಂತ ಒಂದು ಪ್ರಶ್ನೆ ಇದೆ. 'ಇಲ್ಲ' ಅನ್ನುವುದೂ ಒಂದು ಉತ್ತರ ಅಂತ ತಾನೇ ಅರ್ಥ? ತಾಲ್ಲೂಕು ಆಸ್ಪತ್ರೆ ಡಾಕ್ಟರನ್ನು ಪೀಡಿಸಬೇಡಿ, ಅವರು ಹೇಳಿದ್ದು ನ್ಯಾಯವಾಗಿದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಕಾಯಿಲೆಯ ಹೆಸರು ಇದೆಯಲ್ಲ, ಅದನ್ನು ಲಗತ್ತಿಸಿ. ದಹನಕ್ಕೆ ರಸೀದಿ ಇಲ್ಲ ಅಂದಿರಿ. ನಿಮ್ಮ ಊರಿನ ಗ್ರಾಮ ಆಡಳಿತ ಅಧಿಕಾರಿ (ಗ್ರಾಮ ಲೆಕ್ಕಿಗನಿಗೆ ಈಗ ಇಟ್ಟಿರುವ ಹೆಸರು, ಕೆಲಸ ಅದೇ) ಹತ್ತಿರ ಅಕ್ಕಪಕ್ಕದವರ ಸಹಿ ಹಾಕಿಸಿ ಒಂದು ಮಹಜರು ಮಾಡಿಸಿಕೊಳ್ಳಿ. ಅನುಮತಿ ಕೊಡುವ ಕಡತಕ್ಕೆ ಅದು ಬಲ ಕೊಡುತ್ತದೆ.

ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಬರೆಸಿ. ಪೆನ್ಷನ್, ಬ್ಯಾಂಕು, ವಿಮೆ ಮೂರೂ ಅದರ ಮೇಲೇ ನಡೆಯುತ್ತವೆ. ಅಜ್ಜನ ಹೆಸರು ತಂದೆಯ ಹೆಸರಿನ ಜಾಗದಲ್ಲಿ ಪಹಣಿಯಲ್ಲಿ ಇರುವ ಹಾಗೇ ಪೂರ್ತಿ ಬರಲಿ, ಆಗ 'ಬಿನ್' ಜೊತೆ ತಾಳೆಯಾಗುತ್ತದೆ. ಪೌತಿ ಖಾತೆಗೆ ಕೊಡುವಾಗ, ಪಹಣಿಯಲ್ಲಿರುವವರೂ ಪ್ರಮಾಣಪತ್ರದಲ್ಲಿರುವವರೂ ಒಬ್ಬರೇ ಅಂತ ಅಫಿಡವಿಟ್ ಹಾಕಿ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಕೊಡುವಾಗಲೂ ಇದೇ ಕಾಗುಣಿತ ಇರಲಿ. ಒಂದು ದೀರ್ಘ ಹೆಚ್ಚುಕಮ್ಮಿ ಆದರೂ ಮುಂದೆ ಖಾತೆ ಕೌಂಟರಿನಲ್ಲಿ ಮತ್ತೆ ನಿಲ್ಲಬೇಕಾಗುತ್ತದೆ.

ರಿಂಗ್ ರೋಡ್:

ಶಾನುಭೋಗರೇ, ಒಪ್ಪಿದೆ. ಸಿಟ್ಟು ಮಾಡಿಕೊಳ್ಳಬೇಡಿ. ಇದ್ದಲ್ಲೇ ನನ್ನದೂ ಒಂದು ಕೇಳಿಬಿಡುತ್ತೇನೆ. ನಮ್ಮ ತಾತ ತೀರಿಕೊಂಡದ್ದು 1987ರಲ್ಲಿ, ಹಳ್ಳಿಯಲ್ಲಿ, ಮನೆಯಲ್ಲೇ. ನಿಜವಾಗಿಯೂ ಮನೆಯಲ್ಲೇ! ಜಮೀನು ಇನ್ನೂ ಅವರ ಹೆಸರಲ್ಲೇ ಇದೆ. ಆಗ ಯಾರೂ ನೋಂದಣಿ ಮಾಡಿಸಿದಂತಿಲ್ಲ. ಈಗ ಏನು ಗತಿ?

ಹಳೇ ಶಾನುಭೋಗ:

ಸಿಟ್ಟೇನೂ ಇಲ್ಲ ಮಾರಾಯರೆ.

ಮಾಡಿಸಿದಂತಿಲ್ಲ ಅಂತ ನೀವೇ ತೀರ್ಮಾನ ಮಾಡಬೇಡಿ. ಆ ಕಾಲದಲ್ಲಿ ತೋಟಿ, ತಳವಾರರು ಬಂದು ಊರಿನ ಸಾವು ಹುಟ್ಟು ಹೇಳುತ್ತಿದ್ದರು, ಮನೆಯವರಿಗೆ ಗೊತ್ತಿಲ್ಲದೆಯೇ ಗ್ರಾಮ ಲೆಕ್ಕಿಗ ಬರೆದುಕೊಂಡಿರುತ್ತಿದ್ದ. ಮೊದಲು ಹಳೆ ರಿಜಿಸ್ಟರ್ ಹುಡುಕಿಸಲು ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿ. ವರ್ಷ ಖಚಿತ ಇಲ್ಲದಿದ್ದರೆ ಹಿಂದೆ ಮುಂದೆ ಎರಡು ಮೂರು ವರ್ಷ ಸೇರಿಸಿ ಕೇಳಿ. ನಮ್ಮ ಅಕ್ಷರ ಓದಲು ಆಗದಿದ್ದರೆ ಬೈಯ್ದುಕೊಳ್ಳಿ, ಆದರೆ ಬಿಡದೆ ನೋಡಿಸಿ. ಹೆಸರಿನ ಕಾಲಂ ಮಾತ್ರ ಅಲ್ಲ, ಷರಾ ಕಾಲಂ ಕೂಡ.

ಸಿಗದಿದ್ದರೆ ಇಲ್ಲ ಅಂತಲೇ ಬರೆದು ಕೊಡುತ್ತಾರೆ, ಅದು ನಮೂನೆ 10. ಅದು ಇಲ್ಲದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಒಂದು ವರ್ಷ ದಾಟಿದ ಸಾವಿಗೆ ಮೊದಲು ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಹೋಗಬೇಕಿತ್ತು. 2023ರ ತಿದ್ದುಪಡಿಯ ನಂತರ ಆ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗದ ಮ್ಯಾಜಿಸ್ಟ್ರೇಟ್ ಕಡೆಗೆ ಬಂದಿದೆ, ಅಂದರೆ ನಮ್ಮ ಲೆಕ್ಕದಲ್ಲಿ ಎಸಿ (ಉಪವಿಭಾಗಾಧಿಕಾರಿ) ಕಚೇರಿಗೆ ಹೋಗಿ ಕೇಳಿ. ಅವರು ನಿಜ ಅಂತ ಪರಿಶೀಲಿಸಿ ಆದೇಶ ಮಾಡಿದರೆ ನೋಂದಣಿ ಆಗುತ್ತದೆ. ಸಾಕ್ಷಿಗೆ ಊರಿನ ಇಬ್ಬರು ವಯಸ್ಸಾದವರು, ತಿಥಿ ಕಾಗದ ಯಾರ ಮನೆಯ ಟ್ರಂಕಿನಲ್ಲಾದರೂ ಉಳಿದಿದ್ದರೆ ಅದು, ತಾತನ ಹೆಸರು ಬಿಟ್ಟುಹೋದ ಹಳೇ ಮತದಾರರ ಪಟ್ಟಿ, ಹೀಗೆ ಏನು ಸಿಕ್ಕರೂ ತನ್ನಿ. ವಯಸ್ಸಾದ ಸಾಕ್ಷಿಗಳ ಹೇಳಿಕೆ ಮೊದಲು ಬರೆಸಿ, ಉಳಿದ ಕಾಗದ ನಿಧಾನಕ್ಕೆ ಹುಡುಕಬಹುದು.

ತೋಟದಮನೆ:

ನಮ್ಮ ಅರ್ಜಿ ಒಳಗೆ ಹೋಗಿದೆ, ಸ್ವೀಕೃತಿ ಕೈಯಲ್ಲಿದೆ. ಅನುಮತಿಗೆ ಕಡತ ಮೇಲೆ ಕಳಿಸಿದ್ದೇವೆ ಅಂದರು. ಯಾವ ಟೇಬಲ್ಲು ಅಂತಲೂ ಕೇಳಿ ಬರೆದುಕೊಂಡು ಬಂದಿದ್ದೇನೆ, ಸೋಮವಾರ ಅಲ್ಲಿಗೆ ಹೋಗುತ್ತೇನೆ. ಸ್ಕ್ರೀನ್ ಮೇಲೆ ಅಜ್ಜನ ಹೆಸರಿಗೆ ಒಂದು ಒತ್ತಕ್ಷರ ಬಿಟ್ಟಿದ್ದರು, ಅಲ್ಲೇ ಸರಿ ಮಾಡಿಸಿದೆ. ಬೆಂಗಳೂರು ಸೊಸೆ ಅವರಿಗೆ ಇದಕ್ಕೆ ಬೇರೆಯಾಗಿ ಥ್ಯಾಂಕ್ಸ್. ಪಾಸ್‌ಬುಕ್ ಅವರೇ, ಬ್ಯಾಂಕಿಗೆ ಪತ್ರ ಕೊಟ್ಟಾಯಿತು. ಪಿಪಿಒದಲ್ಲಿ ಅಮ್ಮನ ಹುಟ್ಟಿದ ತಾರೀಕೇ ಇಲ್ಲ, ಬರೀ ವರ್ಷ ಇದೆ. ಇದಕ್ಕೆ ಆಧಾರ್ ಸಾಕಾ, ಬೇರೆ ಏನಾದರೂ ಕೇಳುತ್ತಾರಾ?

ಪಾಸ್‌ಬುಕ್:

ಆಧಾರ್, ಪ್ಯಾನ್ ಎರಡನ್ನೂ ತನ್ನಿ, ಎರಡರಲ್ಲೂ ಒಂದೇ ತಾರೀಕು ಇದೆಯಾ ಅಂತ ಮನೆಯಲ್ಲೇ ನೋಡಿಕೊಂಡು ಬನ್ನಿ. ಅಮ್ಮನನ್ನೂ ಕರೆದುಕೊಂಡು ಬನ್ನಿ, ಸಹಿ ಅವರದೇ ಬೇಕು. ತಿಂಗಳ ಮೊದಲ ವಾರ ಮಾತ್ರ ಬೇಡ, ಪೆನ್ಷನ್ ತೆಗೆಯುವವರ ಸಾಲು ಬಾಗಿಲವರೆಗೂ ಇರುತ್ತದೆ.